ಗಾಳದಿಂದ ಹಿಡಿದ ಮೀನಿನ ಲೆಕ್ಕವನ್ನಿಡುವ ಕ್ರಮ

ಬೆಂಗಳೂರು ದಂಡು, ಹಲಸೂರು ಮುಂತಾದ ಕಡೆಗಳಿಂದ ರಜಾದಿನಗಳಲ್ಲಿ ವಿನೋದಾರ್ಥವಾಗಿ ಗಾಳ ಹಾಕಲು ಕೃಷ್ಣರಾಜಪುರದ ಸುತ್ತಣ ಕೆರೆಗಳಿಗೆ ಬರುವವರುಂಟು. ಇವರು ಹಿಡಿದ ಮೀನು ಗುತ್ತಿಗೆದಾರನ ಲೆಕ್ಕಕ್ಕೂ ಸೇರದು, ಪೇಟೆಯ ತಕ್ಕಡಿಗೂ ಬಾರದು. ಆದಕಾರಣ ಇದು ಅಲ್ಪ ವಿಷಯವೆಂದು ಗ್ರಾಮಸ್ಥರು ಗಮನಿಸದೆ ಬಿಡುವರು. ಹಾಗೆ ಬಿಡುವುದು ಯುಕ್ತವಲ್ಲ. ಕೆರೆಯೊಳಗಿನ ಸ್ಥಿತಿಯನ್ನು ಖರ್ಚಿಲ್ಲದೆ ತಿಳಿಸುವ ಸಾಧನಗಳಲ್ಲಿ ಗಾಳವೂ ಒಂದು.

ಇದಕ್ಕೆ ಕಾವೇರಿ ನದಿಯೇ ನಿದರ್ಶನ. 1946ರಲ್ಲಿ ಮೈಸೂರಿನ ವ್ಯಾನ್ ಇಂಗನ್ ಎಂಬವರು ಕಾವೇರಿಯ ಉಪನದಿಯಾದ ಕಬಿನಿಯಲ್ಲಿ 120 ಪೌಂಡು, ಎಂದರೆ ಸುಮಾರು 54 ಕಿಲೋಗ್ರಾಂ ತೂಕದ ಮಹಶೀರ್ ಮೀನನ್ನು ಗಾಳದಿಂದ ಹಿಡಿದುದು ಪ್ರಸಿದ್ಧವಾಗಿದೆ. ಆದರೆ ಒಂದು ದೊಡ್ಡ ಮೀನಿನಿಂದ ನದಿಯ ಸ್ಥಿತಿ ತಿಳಿಯದು. ಗಾಲಿಬೋರೆಯ ಬಿಡಾರದಲ್ಲಿ ಮೀನನ್ನು ಹಿಡಿದು, ತೂಗಿ, ಮರಳಿ ನೀರಿಗೆ ಬಿಡುವ ಪದ್ಧತಿಯಿದ್ದಿತು. ಅಲ್ಲಿ 1998ರಿಂದ 2012ರವರೆಗೆ ಬರೆದಿಟ್ಟ ಪುಸ್ತಕಗಳನ್ನು ವಿಜ್ಞಾನಿಗಳು ಪರಿಶೀಲಿಸಿ, 2015ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಒಟ್ಟು 23,620 ಗಂಟೆಗಳಲ್ಲಿ 6,161 ಮೀನುಗಳು ಸಿಕ್ಕಿದ್ದವು. ಎಂದರೆ ಸರಾಸರಿ ಸುಮಾರು 4 ಗಂಟೆಗೆ ಒಂದು. ವರ್ಷ ಕಳೆದಂತೆ ಗಂಟೆಗೆ ಸಿಕ್ಕುವ ಮೀನಿನ ಸಂಖ್ಯೆ ಏರಿತ್ತು. ಸಂಖ್ಯೆಯನ್ನಷ್ಟೇ ನೋಡಿದವರು ಸಂತೋಷಪಡುತ್ತಿದ್ದರು. ಆದರೆ ಮೀನಿನ ಸರಾಸರಿ ತೂಕ ಇಳಿದಿತ್ತು. ಹೊರಗಿನಿಂದ ತಂದು ಬಿಟ್ಟ ನೀಲಿ ರೆಕ್ಕೆಯ ಜಾತಿ ಹೆಚ್ಚಿ, ಕಾವೇರಿಯದೇ ಆದ ಡುಬ್ಬದ ಮಹಶೀರ್ ಬಹಳ ಅಪರೂಪವಾಗಿತ್ತು. ಈ ಜಾತಿಯು 2018ರಲ್ಲಿ ಅಳಿವಿನ ಅತ್ಯಂತ ತೀವ್ರ ಅಪಾಯದಲ್ಲಿರುವ ಜೀವಿಗಳ ಪಟ್ಟಿಗೆ ಸೇರಿತು. ಜಾತಿಯನ್ನೂ ತೂಕವನ್ನೂ ಬರೆದಿಟ್ಟಿದ್ದರಿಂದಲೇ ಈ ನಷ್ಟವು ತಿಳಿದುಬಂದಿತು.

ಕೆರೆಗೂ ಇದೇ ನ್ಯಾಯ ಸಲ್ಲುತ್ತದೆ. 4 ಜನರು 5 ಗಂಟೆ ಗಾಳ ಹಾಕಿದರೆ 20 ಗಂಟೆಯೆಂದು ಎಣಿಸತಕ್ಕದ್ದು. ಅಷ್ಟರಲ್ಲಿ 10 ಮೀನು ಸಿಕ್ಕಿ 5 ಕಿಲೋಗ್ರಾಂ ತೂಗಿದರೆ, ಒಂದೊಂದೂ ಸರಾಸರಿ 500 ಗ್ರಾಂ. ಮರುವರ್ಷ ಅದೇ 20 ಗಂಟೆಯಲ್ಲಿ 20 ಮೀನು ಸಿಕ್ಕಿ 6 ಕಿಲೋಗ್ರಾಂ ತೂಗಿದರೆ, ಸಂಖ್ಯೆ ಇಮ್ಮಡಿಯಾದರೂ ಒಂದೊಂದರ ತೂಕ 300 ಗ್ರಾಮಿಗೆ ಇಳಿಯಿತು.

ಲೆಕ್ಕವನ್ನು ಈ ರೀತಿ ಇಡಬಹುದು:

1. ನೀರುಗಂಟಿಯಾಗಲಿ, ಓದುಬರಹ ಬಲ್ಲ ಯುವಕನಾಗಲಿ ಒಬ್ಬನೇ ಪುಸ್ತಕಕ್ಕೆ ಹೊಣೆಯಾಗಿರತಕ್ಕದ್ದು.

2. ದಿನಾಂಕ, ಗಾಳ ಹಾಕಿದವರ ಸಂಖ್ಯೆ, ಗಂಟೆ, ಮೀನಿನ ಜಾತಿ, ಸಂಖ್ಯೆ, ತೂಕ, ಮರಳಿ ಬಿಟ್ಟವು, ಷರಾ ಎಂದು ಕಲಮುಗಳನ್ನು ಹಾಕುವುದು.

3. ಏನೂ ಸಿಕ್ಕದ ದಿನವನ್ನೂ ತಪ್ಪದೆ ಬರೆಯುವುದು. ಬರಿಗೈ ದಿನಗಳನ್ನು ಬಿಟ್ಟರೆ ಕೆರೆಯು ಇರುವುದಕ್ಕಿಂತ ಸಮೃದ್ಧವಾಗಿ ತೋರುವುದು.

4. ತೂಕವನ್ನು ತಕ್ಕಡಿಯಿಂದಲೇ ತಿಳಿಯುವುದು, ಬಾಯಿಮಾತನ್ನು ನಂಬಬಾರದು.

5. ಕಟ್ಲಾ, ರೋಹು, ಜಿಲೇಬಿ, ಕೊರವ ಇವುಗಳನ್ನು ಬೇರೆಬೇರೆಯಾಗಿ ಬರೆಯುವುದು. ಸಾಕಲು ನಿಷಿದ್ಧವಾದ ಆಫ್ರಿಕದ ಕ್ಯಾಟ್‌ಫಿಶ್ ಸಿಕ್ಕಿದರೆ ಮರಳಿ ಬಿಡದೆ ಮೀನುಗಾರಿಕೆ ಇಲಾಖೆಗೆ ತಿಳಿಸುವುದು.

6. ನೀರಿನ ಬಣ್ಣ, ದುರ್ವಾಸನೆ, ನೊರೆ, ಬೆಳಗಿನ ಜಾವ ಮೀನುಗಳು ಮೇಲೆ ಬಂದು ಬಾಯಿ ಬಿಡುವುದು, ಇವುಗಳನ್ನು ಷರಾ ಕಲಮಿನಲ್ಲಿ ನಮೂದಿಸುವುದು.

ಕೊನೆಯ ಅಂಶವನ್ನು ಅಲಕ್ಷ್ಯ ಮಾಡಬಾರದು. 2016ರ ಮಾರ್ಚಿಯಲ್ಲಿ ಹಲಸೂರು ಕೆರೆಯಲ್ಲಿ ಸಾವಿರಾರು ಮೀನುಗಳು ಸತ್ತು ತೇಲಿದವು. ಚರಂಡಿಯ ನೀರು ಸೇರಿದ ಕೆರೆಯಲ್ಲಿ ಕರಗಿದ ಆಮ್ಲಜನಕವು ಕುಗ್ಗಿದರೆ ಮೀನು ಉಸಿರುಕಟ್ಟಿ ಸಾಯುವುದು. ಪುಸ್ತಕವು ನೀರನ್ನು ಶುದ್ಧಿಮಾಡಲಾರದು ನಿಜ. ಆದರೆ ಗಂಟೆಗೆ ಸಿಕ್ಕುವ ಮೀನು ಹಠಾತ್ತಾಗಿ ಇಳಿದುದೂ ನೀರು ಕೆಟ್ಟುದೂ ಒಂದೇ ಪುಟದಲ್ಲಿ ಕಂಡರೆ, ಹೆಣಗಳು ತೇಲುವ ಮುನ್ನವೇ ಚರಂಡಿಯನ್ನು ತಡೆಯುವಂತೆ ಅಧಿಕಾರಿಗಳನ್ನು ಕೇಳಲು ಗ್ರಾಮಕ್ಕೆ ಲಿಖಿತ ಆಧಾರವಿರುವುದು.

ಗದ್ದೆಯ ಫಸಲನ್ನು ಅಳೆಯದೆ ಯಾವ ರೈತನೂ ಬಿಡುವುದಿಲ್ಲ. ಕೆರೆಯ ಫಸಲನ್ನೂ ಹಾಗೆಯೇ ಅಳೆಯಬೇಕು. ವರ್ಷಕ್ಕೊಮ್ಮೆ, ಮರಿಗಳನ್ನು ಬಿಡುವ ಮೊದಲು, ಗ್ರಾಮದ ಹಿರಿಯರು ಕಲೆತು ಹಿಂದಿನ ವರ್ಷದ ಮೊತ್ತದೊಂದಿಗೆ ಹೋಲಿಸಿ ನೋಡುವುದು ಶ್ರೇಯಸ್ಕರ.