ಮಾತಿನ ವೇಗ ಮತ್ತು ಮನಸ್ಸು

ಉದಗೀರದಿಂದ ನಿಲಂಗಾಕ್ಕೆ ಹೋಗುವ ಬಸ್ಸಿನ ವೇಗವನ್ನು ಲೆಕ್ಕ ಹಾಕಲು ನಿಮಗೆ ಬರುತ್ತದೆ. ದೂರವನ್ನು ಸಮಯದಿಂದ ಭಾಗಿಸಿದರೆ ಆಯಿತು. ಮಾತಿಗೂ ಇದೇ ಲೆಕ್ಕ ನಡೆಯುತ್ತದೆ. ಆಡಿದ ಅಕ್ಷರಗಳನ್ನು ಸೆಕೆಂಡುಗಳಿಂದ ಭಾಗಿಸಿದರೆ ಮಾತಿನ ವೇಗ ಸಿಗುತ್ತದೆ.

ಆದರೆ ಒಬ್ಬನೇ ಮನುಷ್ಯ ದಿನವಿಡೀ ಒಂದೇ ವೇಗದಲ್ಲಿ ಮಾತಾಡುವುದಿಲ್ಲ. ಕಬಡ್ಡಿ ಗೆದ್ದು ಬಂದ ಹುಡುಗ ಬಡಬಡ ಹೇಳುತ್ತಾನೆ. ಅದೇ ಹುಡುಗನನ್ನು ಬೋರ್ಡಿನ ಮುಂದೆ ನಿಲ್ಲಿಸಿ ಲೆಕ್ಕ ಕೇಳಿದರೆ ಒಂದೊಂದೇ ಶಬ್ದ ಹೊರಬೀಳುತ್ತದೆ. ಬಾಯಿ ಅದೇ, ನಾಲಿಗೆ ಅದೇ. ಹಾಗಾದರೆ ಬದಲಾಗಿದ್ದು ಏನು?

ಬಸ್ಸು ಮತ್ತು ನಿಲ್ದಾಣ

ಒಂದು ಉದಾಹರಣೆ ನೋಡೋಣ. ಒಬ್ಬಳು 120 ಅಕ್ಷರಗಳ ಮಾತನ್ನು 40 ಸೆಕೆಂಡಿನಲ್ಲಿ ಆಡಿದಳು. ಅದರಲ್ಲಿ 10 ಸೆಕೆಂಡು ಸುಮ್ಮನಿದ್ದಳು. ಒಟ್ಟು ವೇಗ ಸೆಕೆಂಡಿಗೆ 3 ಅಕ್ಷರ. ಸುಮ್ಮನಿದ್ದ ಸಮಯ ಕಳೆದರೆ ಉಳಿದದ್ದು 30 ಸೆಕೆಂಡು, ಅಂದರೆ ಸೆಕೆಂಡಿಗೆ 4 ಅಕ್ಷರ. ಇನ್ನೊಂದು ದಿನ ಅಷ್ಟೇ ಮಾತಿಗೆ 60 ಸೆಕೆಂಡು ಹಿಡಿಯಿತು, 30 ಸೆಕೆಂಡು ಮೌನ. ಈಗ ಒಟ್ಟು ವೇಗ 2ಕ್ಕೆ ಇಳಿಯಿತು. ಮೌನ ಕಳೆದ ವೇಗ ಮಾತ್ರ 4 ಅಕ್ಷರವೇ! ಬಸ್ಸು ಮೊದಲಿನಷ್ಟೇ ಜೋರಾಗಿ ಓಡಿತು, ನಿಲ್ದಾಣದಲ್ಲಿ ಹೆಚ್ಚು ಹೊತ್ತು ನಿಂತಿತು ಅಷ್ಟೇ.

ಲಂಡನ್ನಿನ ಸಂಶೋಧಕಿ ಫ್ರೀಡಾ ಗೋಲ್ಡ್‌ಮನ್-ಐಸ್ಲರ್ 1950ರ ದಶಕದಿಂದ ಇದನ್ನೇ ಅಳೆದರು. ಮಾತು ನಿಧಾನ ಅಥವಾ ವೇಗ ಅನಿಸುವುದಕ್ಕೆ ನಾಲಿಗೆಯ ಓಟಕ್ಕಿಂತ ನಡುವಿನ ಮೌನವೇ ಮುಖ್ಯ ಕಾರಣ ಎಂದು ಅವರು ತೋರಿಸಿದರು.

ವಿಚಾರಕ್ಕೆ ಸಮಯ ಬೇಕು

ಗೋಲ್ಡ್‌ಮನ್-ಐಸ್ಲರ್ ಜನರಿಗೆ ವ್ಯಂಗ್ಯಚಿತ್ರಗಳನ್ನು ತೋರಿಸಿದರು. ಚಿತ್ರದಲ್ಲಿ ಏನು ನಡೆದಿದೆ ಎಂದು ಹೇಳುವಾಗ ಮೌನ ಕಡಿಮೆ ಇತ್ತು. ಅದರ ಅರ್ಥವೇನು ಎಂದು ಹೇಳುವಾಗ ಮೌನ ಹೆಚ್ಚಿತು. ಅದನ್ನೇ ಮತ್ತೆ ಮತ್ತೆ ಹೇಳಿಸಿದಾಗ ಮೌನ ಕಡಿಮೆಯಾಗುತ್ತ ಬಂತು. ಹೊಸ ವಿಚಾರ ಹುಟ್ಟಬೇಕಾದರೆ ಮಿದುಳಿಗೆ ಬಿಡುವು ಬೇಕು, ಬಾಯಿಪಾಠಕ್ಕೆ ಬೇಕಿಲ್ಲ ಎಂದಾಯಿತು.

ಭಾವನೆ ಏನು ಮಾಡುತ್ತದೆ?

ನಾವು ಮಾತಾಡುವುದು ಹೊರಬಿಡುವ ಉಸಿರಿನ ಮೇಲೆ. ಹೆದರಿದಾಗ ಅಡ್ರಿನಲಿನ್ ಹಾರ್ಮೋನು ರಕ್ತಕ್ಕೆ ಸೇರುತ್ತದೆ, ಎದೆ ಡವಡವ ಅನ್ನುತ್ತದೆ, ಉಸಿರು ಚಿಕ್ಕದಾಗುತ್ತದೆ, ಬಾಯಿ ಒಣಗುತ್ತದೆ. ಒಂದು ಉಸಿರಿಗೆ ಕಡಿಮೆ ಶಬ್ದ ಹಿಡಿಸುವುದರಿಂದ ಮಾತು ತುಂಡು ತುಂಡಾಗುತ್ತದೆ. ಸಿಟ್ಟು ಬಂದಾಗ ಸಾಮಾನ್ಯವಾಗಿ ಮಾತಿನ ವೇಗವೂ ದನಿಯೂ ಏರುತ್ತವೆ. ದುಃಖದಲ್ಲಿ ಎರಡೂ ಇಳಿಯುತ್ತವೆ.

ಮನೋಚಿಕಿತ್ಸೆಯ ಕೋಣೆಯಲ್ಲಿ

ಮನೋಚಿಕಿತ್ಸೆ ಎಂದರೆ ಮಾತಿನ ಮೂಲಕ ಮನಸ್ಸಿನ ನೋವಿಗೆ ಪರಿಹಾರ ಹುಡುಕುವ ವಿಧಾನ. ಇಲ್ಲಿ ಏನು ಹೇಳಿದರು ಎಂಬುದರಷ್ಟೇ ಹೇಗೆ ಹೇಳಿದರು ಎಂಬುದಕ್ಕೂ ಬೆಲೆ ಇದೆ. ಅಮೆರಿಕದ ಜಾರ್ಜ್ ಮಾಲ್ 1956ರಲ್ಲಿ ಇಂಥ ಮಾತುಕತೆಗಳನ್ನು ಅಭ್ಯಾಸ ಮಾಡಿದರು. ಮನಸ್ಸಿನಲ್ಲಿ ಆತಂಕ ಹೆಚ್ಚಾದಾಗ ವಾಕ್ಯ ಅರ್ಧಕ್ಕೆ ನಿಲ್ಲುವುದು, ಹೇಳಿದ ಶಬ್ದವನ್ನೇ ಮತ್ತೆ ಹೇಳುವುದು, ತಡವರಿಸುವುದು ಹೆಚ್ಚಾಗಿತ್ತು. ಬರೀ 'ಆಂ...' ಎನ್ನುವುದು ಮಾತ್ರ ಆತಂಕದೊಂದಿಗೆ ಹಾಗೆ ಹೆಚ್ಚಲಿಲ್ಲ.

1976ರಲ್ಲಿ ಬ್ರಿಟನ್ನಿನ ವೈದ್ಯರು ಬಹಳ ಸರಳವಾದ ಒಂದು ಪರೀಕ್ಷೆಯನ್ನು ವರದಿ ಮಾಡಿದರು. ಖಿನ್ನತೆಯ ರೋಗಿಗಳಿಗೆ 1ರಿಂದ 10ರವರೆಗೆ ಎಣಿಸಲು ಹೇಳಿದರು. ಅಂಕಿ ಉಚ್ಚರಿಸಲು ಹಿಡಿದ ಸಮಯ ಹೆಚ್ಚು ಬದಲಾಗಲಿಲ್ಲ, ಎರಡು ಅಂಕಿಗಳ ನಡುವಿನ ಮೌನ ಉದ್ದವಾಗಿತ್ತು. ಗುಣವಾದ ಮೇಲೆ ಆ ಮೌನ ಗಿಡ್ಡವಾಯಿತು. ನಮ್ಮ ಬಸ್ಸು-ನಿಲ್ದಾಣದ ಲೆಕ್ಕ ಇಲ್ಲಿ ಕೆಲಸಕ್ಕೆ ಬಂತಲ್ಲ!

ಅದಕ್ಕೇ ಒಳ್ಳೆಯ ಆಪ್ತಸಮಾಲೋಚಕರು ಎದುರಿನವರ ಮೌನವನ್ನು ಗಡಿಬಿಡಿಯಿಂದ ತುಂಬುವುದಿಲ್ಲ. ಆ ಹೊತ್ತಿನಲ್ಲಿ ವಿಚಾರ ನಡೆದಿರಬಹುದು, ಇಲ್ಲವೇ ಅಳು ಗಂಟಲಿಗೆ ಬಂದಿರಬಹುದು. ಅವರು ತಾವೂ ಸಾವಕಾಶ ಮಾತಾಡುತ್ತಾರೆ. ಇಬ್ಬರು ಮಾತಾಡುವಾಗ ಒಬ್ಬರ ಲಯ ಇನ್ನೊಬ್ಬರಿಗೆ ಹತ್ತುವುದುಂಟು.

ನಮ್ಮ ಭಾಗದಲ್ಲಿ

1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ಗಣಪತಿ ಕಳಿಸಿದ ರಾತ್ರಿ ಕಳೆಯುವ ಹೊತ್ತಿಗೆ, ಕಿಲ್ಲಾರಿಯ ಭೂಕಂಪ ಆಯಿತು. ಲಾತೂರ ಜಿಲ್ಲೆಯಲ್ಲೂ ಉಮರ್ಗಾ ಭಾಗದಲ್ಲೂ ಸಾವಿರಾರು ಜನ ಸತ್ತರು. ಅದನ್ನು ಕಂಡ ಹಿರಿಯರು ಇಂದಿಗೂ ನಮ್ಮ ನಡುವೆ ಇದ್ದಾರೆ. ಅವರು ಆ ಮಾತು ತೆಗೆದಾಗ ಮೆರವಣಿಗೆಯ ಸಂಗತಿ ಸರಾಗವಾಗಿ ಹೇಳಿ, ಮನೆ ಬಿದ್ದ ಮಾತಿಗೆ ಬಂದಾಗ ನಿಂತುಬಿಡಬಹುದು. ಆಗ "ಮುಂದ ಏನಾತು, ಲಗೂನ ಹೇಳ್ರಿ" ಅನ್ನಬಾರದು. ನೆನಪು ಮತ್ತು ನೋವು ಎರಡೂ ಒಟ್ಟಿಗೆ ಬಂದಾಗ ಮಾತು ನಿಲ್ಲುತ್ತದೆ. ಸುಮ್ಮನೆ ಹತ್ತಿರ ಕೂಡುವುದೇ ಆಗ ಸಹಾಯ.

ಇನ್ನೊಂದು ಮಾತು. ಮನೆಯಲ್ಲಿ ಕನ್ನಡ, ಪ್ಯಾಟಿಯಲ್ಲಿ ಮರಾಠಿ ಆಡುವ ಮಕ್ಕಳು ನೀವು. ರೂಢಿ ಕಡಿಮೆ ಇರುವ ಭಾಷೆಯಲ್ಲಿ ಶಬ್ದ ಹುಡುಕಲು ಹೆಚ್ಚು ಸಮಯ ಬೇಕು. ಆಫೀಸಿನಲ್ಲಿ ಮರಾಠಿ ತಡವರಿಸಿದ ಮಾತ್ರಕ್ಕೆ ಯಾರೂ ದಡ್ಡರಲ್ಲ, ದುಃಖದಲ್ಲಿದ್ದಾರೆ ಎಂದೂ ಅಲ್ಲ. ಜ್ವರ, ದಣಿವು, ವಯಸ್ಸು ಕೂಡ ಮಾತನ್ನು ನಿಧಾನ ಮಾಡುತ್ತವೆ. ಆದ್ದರಿಂದ ಒಬ್ಬರನ್ನು ಇನ್ನೊಬ್ಬರ ಜೊತೆ ಹೋಲಿಸಬೇಡಿ, ಅವರ ಎಂದಿನ ಮಾತಿನ ಜೊತೆಗೇ ಹೋಲಿಸಿ.

ಗುರುಗಳಿಗೂ ಇದರಲ್ಲಿ ಪಾಠವಿದೆ. ಅಮೆರಿಕದ ಮೇರಿ ಬಡ್ ರೋ ತರಗತಿಗಳನ್ನು ಗಮನಿಸಿದಾಗ, ಶಿಕ್ಷಕರು ಪ್ರಶ್ನೆ ಕೇಳಿ ಸುಮಾರು 1 ಸೆಕೆಂಡು ಮಾತ್ರ ಕಾಯುತ್ತಿದ್ದರು. 3 ಸೆಕೆಂಡು ಕಾದಾಗ ಮಕ್ಕಳ ಉತ್ತರ ಉದ್ದವಾಯಿತು, ಉತ್ತರ ಕೊಡದವರ ಸಂಖ್ಯೆ ಇಳಿಯಿತು.

ಮಾಡಿ ನೋಡಿ

1. ಗೆಳೆಯನ ಒಪ್ಪಿಗೆ ಪಡೆದು ಮೊಬೈಲಿನಲ್ಲಿ ಅವನ ಮಾತು ರೆಕಾರ್ಡ್ ಮಾಡಿ. ಪುಸ್ತಕದ ಒಂದು ಚಿತ್ರದಲ್ಲಿ ಏನಿದೆ ಎಂದು ಮೊದಲು ಹೇಳಲಿ, ಹಾಗೆ ಯಾಕೆ ಆಗಿರಬಹುದು ಎಂದು ನಂತರ ಹೇಳಲಿ. ಅಕ್ಷರ, ಒಟ್ಟು ಸಮಯ, ಮೌನದ ಸಮಯ ಬರೆದು ಎರಡೂ ವೇಗ ಲೆಕ್ಕ ಹಾಕಿ.

2. ನಿನ್ನೆಯ ದಿನಚರಿಯನ್ನು ಕನ್ನಡದಲ್ಲಿ ಒಮ್ಮೆ, ಮರಾಠಿಯಲ್ಲಿ ಒಮ್ಮೆ ಹೇಳಿ. ಮೌನ ಎಲ್ಲಿ ಹೆಚ್ಚು?

ಎಚ್ಚರಿಕೆ: ಯಾರ ದುಃಖವನ್ನೂ ಪ್ರಯೋಗಕ್ಕೆ ಬಳಸಬೇಡಿ. ಸ್ಟಾಪ್‌ವಾಚ್ ಹಿಡಿದು ಯಾರಿಗೂ ರೋಗ ಇದೆ ಎಂದು ಹೇಳಲು ಬರುವುದಿಲ್ಲ, ಅದು ವೈದ್ಯರ ಕೆಲಸ. ಆದರೆ ಚಟಪಟ ಮಾತಾಡುತ್ತಿದ್ದ ಗೆಳತಿ ವಾರಗಟ್ಟಲೆ ಮಾತು ಕಡಿಮೆ ಮಾಡಿದ್ದರೆ, ಊಟ ನಿದ್ದೆ ಕೆಟ್ಟಿದ್ದರೆ, ನಂಬಿಕೆಯ ಗುರುಗಳಿಗೋ ಮನೆಯವರಿಗೋ ತಿಳಿಸಿ. ಸರ್ಕಾರದ ಟೆಲಿ ಮಾನಸ್ ಉಚಿತ ಸಹಾಯವಾಣಿ 14416. ಅಲ್ಲಿ ಕನ್ನಡದಲ್ಲೂ ಮರಾಠಿಯಲ್ಲೂ ಮಾತಾಡಬಹುದು, ಎಷ್ಟು ನಿಧಾನವಾಗಿ ಬೇಕಾದರೂ.