ಮೊದಲು ರೊಟ್ಟಿ, ಆಮೇಲೆ ಮಾತು

ಸಂಜೆ ಕುಟುಂಬ ಪ್ರಾರ್ಥನೆಯ ಹೊತ್ತು. ಚಾಪೆ ಹಾಸಿದೆ, ಬೈಬಲ್ ತೆರೆದಿದೆ. ದ್ವಿತೀಯ ಪಿಯುಸಿಯಲ್ಲಿ ಅಂದುಕೊಂಡಷ್ಟು ಅಂಕ ಬಾರದ ಮಗಳು ಕೋಣೆಯ ಬಾಗಿಲು ತೆರೆಯುತ್ತಿಲ್ಲ. ಕರೆದರೆ ಒಳಗಿನಿಂದಲೇ ಉತ್ತರ: "ನೀವು ಮಾಡ್ಕೊಳ್ಳಿ ಅಮ್ಮ. ನನ್ನ ಪ್ರಾರ್ಥನೆ ದೇವರಿಗೆ ಕೇಳಿಸಲ್ಲ."

ಇಂಥ ಮಾತಿಗೆ ಕ್ರೈಸ್ತ ತಂದೆತಾಯಂದಿರು ಗಾಬರಿಯಾಗುವುದು ಸಹಜ. ಕೂಡಲೇ ಒಂದು ವಚನ ಹೇಳುತ್ತೇವೆ, "ನಿನಗೆ ವಿಶ್ವಾಸ ಸಾಲದು" ಎನ್ನುತ್ತೇವೆ. ಹೇಳುವುದು ಪ್ರೀತಿಯಿಂದಲೇ. ಆದರೆ ನೊಂದ ಮಗುವಿಗೆ ಅದು ಇನ್ನೊಂದು ಫಲಿತಾಂಶದಂತೆ ಕೇಳಿಸುತ್ತದೆ: ಪರೀಕ್ಷೆಯಲ್ಲೂ ಸೋತೆ, ದೇವರ ಮುಂದೆಯೂ ಸೋತೆ.

ಹಾಗಾದರೆ ಏನು ಮಾಡಬೇಕು? ಒಂದನೆಯ ಅರಸುಗಳು ಪುಸ್ತಕದ 19ನೇ ಅಧ್ಯಾಯವನ್ನು ನಿಧಾನವಾಗಿ ಓದಿ. ಪ್ರವಾದಿ ಎಲೀಯ ಜೀವಭಯದಿಂದ ಅರಣ್ಯಕ್ಕೆ ಓಡಿಹೋಗಿ, ಒಂದು ಗಿಡದ ಕೆಳಗೆ ಕೂತು ಸಾವನ್ನೇ ಬೇಡುತ್ತಾನೆ. ದೇವದೂತ ಅವನನ್ನು ಗದರುವುದಿಲ್ಲ, ಬುದ್ಧಿವಾದ ಹೇಳುವುದಿಲ್ಲ. ಮುಟ್ಟಿ ಎಬ್ಬಿಸಿ, ಕೆಂಡದ ಮೇಲೆ ಸುಟ್ಟ ರೊಟ್ಟಿಯನ್ನೂ ನೀರನ್ನೂ ತೋರಿಸುತ್ತಾನೆ. ಎಲೀಯ ತಿಂದು ಮತ್ತೆ ಮಲಗುತ್ತಾನೆ. ಆಗಲೂ ಬೈಗುಳವಿಲ್ಲ, ಎರಡನೇ ಸಲ ಎಬ್ಬಿಸಿ ಮತ್ತೆ ಉಣ್ಣಲು ಹೇಳುತ್ತಾನೆ. ನಾಲ್ವತ್ತು ದಿನ ನಡೆದು ಹೋರೇಬ್ ಬೆಟ್ಟ ಸೇರಿದ ಮೇಲೆ ದೇವರು ಕೇಳುವುದೂ ಒಂದು ಪ್ರಶ್ನೆಯನ್ನೇ. ಎಲೀಯ ತನ್ನ ದುಃಖ ತೋಡಿಕೊಳ್ಳುತ್ತಾನೆ. ಅದೇ ಪ್ರಶ್ನೆ ಮತ್ತೊಮ್ಮೆ ಬರುತ್ತದೆ, ಅದೇ ದುಃಖವನ್ನು ಅವನು ಮತ್ತೊಮ್ಮೆ ಹೇಳುತ್ತಾನೆ. ಮುಂದಿನ ಕೆಲಸ, ಜೊತೆಗಾರನಾಗಿ ಎಲೀಷ, ಇವೆಲ್ಲ ಸಿಗುವುದು ಅದಾದ ಮೇಲೆ.

ಈ ಕ್ರಮವನ್ನೇ ಮನೆಯಲ್ಲಿ ಪಾಲಿಸಿ. ಮೊದಲ ಕೆಲವು ದಿನ ಊಟ ಮತ್ತು ನಿದ್ರೆಯ ಕಡೆ ಗಮನವಿರಲಿ. ಬಿಸಿ ಗಂಜಿ, ಉಪ್ಪಿನಕಾಯಿ ಕೋಣೆಗೇ ಒಯ್ದುಕೊಡಿ. ಹತ್ತಿರ ಕೂತು, ಸುಮ್ಮನಿರಿ. ಮಾತಾಡಿದರೆ ನಡುವೆ ಬಾಯಿ ಹಾಕಬೇಡಿ. ಹೇಳಿದ್ದನ್ನೇ ಮತ್ತೆ ಹೇಳಿದರೂ ಕೇಳಿ.

ದೇವರ ಮೇಲೆ ಸಿಟ್ಟು ತೋರಿದರೆ ಹೆದರಬೇಡಿ. 150 ಕೀರ್ತನೆಗಳಲ್ಲಿ ಸುಮಾರು ಮೂರನೇ ಒಂದು ಪಾಲು ಗೋಳಿನ ಪ್ರಾರ್ಥನೆಗಳೇ. 88ನೆಯದಂತೂ ಕತ್ತಲಲ್ಲೇ ಮುಗಿಯುತ್ತದೆ, ಕೊನೆಗೆ ಸಮಾಧಾನದ ಒಂದು ಸಾಲೂ ಇಲ್ಲ. ಆದರೂ ಅದು ಪವಿತ್ರ ಗ್ರಂಥದಲ್ಲಿದೆ. ಯೇಸು ಸ್ವಾಮಿ ಶಿಲುಬೆಯ ಮೇಲೆ ಕೂಗಿದ್ದು 22ನೇ ಕೀರ್ತನೆಯ ಮೊದಲ ಮಾತನ್ನು, ದೇವರೇ ಯಾಕೆ ಕೈಬಿಟ್ಟೆ ಎಂಬ ಪ್ರಶ್ನೆಯನ್ನು. ದೇವರನ್ನೇ ಕೇಳುವ ಮಗು ದೇವರನ್ನು ಬಿಟ್ಟಿಲ್ಲ. ಮಗಳು ಒಪ್ಪಿದ ದಿನ ಆ ಕೀರ್ತನೆಗಳನ್ನು ಜೊತೆಗೆ ಓದಿ, ವಿವರಿಸಲು ಹೋಗಬೇಡಿ. ಪ್ರಾರ್ಥಿಸಲು ಆಗದ ದಿನ "ಇವತ್ತು ನಿನ್ನ ಪರವಾಗಿ ನಾನು ಪ್ರಾರ್ಥಿಸ್ತೀನಿ" ಎಂದರೆ ಸಾಕು.

ಒಂದು ಎಚ್ಚರಿಕೆ. ಎರಡು ವಾರ ಕಳೆದರೂ ಊಟ, ನಿದ್ರೆ, ಗೆಳೆತನ ಯಾವುದೂ ಬೇಡವೆನಿಸಿದರೆ ಮನೋವೈದ್ಯರನ್ನು ಕಾಣಿ. ಸಾಯುವ ಮಾತು ಬಂದರೆ ಒಂದು ದಿನವೂ ಕಾಯಬೇಡಿ, ಮಗುವನ್ನು ಒಂಟಿಯಾಗಿ ಬಿಡಬೇಡಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು. ಫಾದರ್ ಅಥವಾ ಸಭಾಪಾಲಕರ ಪ್ರಾರ್ಥನೆಯೂ ಇರಲಿ, ವೈದ್ಯರ ಔಷಧಿಯೂ ಇರಲಿ. ಔಷಧಿ ತೆಗೆದುಕೊಳ್ಳುವುದು ಅವಿಶ್ವಾಸವಲ್ಲ. ಎಲೀಯನ ಹತ್ತಿರ ದೇವರ ಸಹಾಯ ಮೊದಲು ಬಂದದ್ದು ರೊಟ್ಟಿ, ನೀರಿನ ರೂಪದಲ್ಲೇ.

ಇವತ್ತು ಸಂಜೆ ಬಾಗಿಲು ಮುಚ್ಚಿಯೇ ಇದ್ದರೆ ತಟ್ಟಿ, "ಪ್ರಾರ್ಥನೆಗೆ ಬಾ" ಎನ್ನಬೇಡಿ. "ಊಟಕ್ಕೆ ಬಾ ಮಗಳೇ" ಎನ್ನಿ.