4ಕೆ ಗೇಮಿಂಗ್‌ಗೆ ಯಾವ ಕಾರ್ಡ್? ಲೆಕ್ಕ ಮಾನಿಟರ್‌ನಿಂದ ಶುರುವಾಗಲಿ

ಹೊಸ ಗ್ರಾಫಿಕ್ಸ್ ಕಾರ್ಡ್ ಕೊಳ್ಳಲು ಹೊರಟವರ ಬಾಯಲ್ಲಿ ಮೊದಲು ಬರುವ ಪ್ರಶ್ನೆ ‘ಎನ್‌ವಿಡಿಯಾ ತಗೊಳ್ಳೋದೋ, ಎಎಂಡಿ ತಗೊಳ್ಳೋದೋ?’ ಎಂಬುದು. ನಿಜಕ್ಕೂ ಅದು ಕೊನೆಯಲ್ಲಿ ಕೇಳಬೇಕಾದದ್ದು. ಯಾವ ಪರದೆಯ ಮೇಲೆ ಆಡುತ್ತೀರಿ, ಯಾವ ಬಗೆಯ ಆಟ ಆಡುತ್ತೀರಿ, ಕ್ಯಾಬಿನೆಟ್‌ನೊಳಗಿನ ಪವರ್ ಸಪ್ಲೈ ಎಷ್ಟು ವ್ಯಾಟ್‌ನದು ಎಂಬ ಮೂರು ವಿಷಯ ಇತ್ಯರ್ಥವಾದರೆ ಅಂಗಡಿಯಲ್ಲಿ ಸಾಲಾಗಿ ಜೋಡಿಸಿದ ಪೆಟ್ಟಿಗೆಗಳಲ್ಲಿ ಎರಡೋ ಮೂರೋ ಮಾತ್ರ ಲೆಕ್ಕಕ್ಕೆ ಉಳಿಯುತ್ತವೆ. 4ಕೆ ರೆಸಲ್ಯೂಶನ್‌ನಲ್ಲಿ ಆಡಬೇಕು, ಆದರೆ ಅತಿ ದುಬಾರಿ ಕಾರ್ಡಿಗೆ ಹೋಗುವುದು ಬೇಡ ಎನ್ನುವವರಿಗೆ ಹಾಗೆ ಉಳಿಯುವ ಹೆಸರು ಎರಡು: 2025ರ ಫೆಬ್ರುವರಿಯಲ್ಲಿ ಬಂದ ಎನ್‌ವಿಡಿಯಾದ ಆರ್‌ಟಿಎಕ್ಸ್ 5070 ಟಿಐ ಮತ್ತು ಅದರ ಬೆನ್ನಿಗೇ ಮಾರ್ಚ್‌ನಲ್ಲಿ ಬಂದ ಎಎಂಡಿಯ ಆರ್‌ಎಕ್ಸ್ 9070 ಎಕ್ಸ್‌ಟಿ. ಇವೆರಡರಲ್ಲಿ ಯಾವುದು ಎಂಬುದನ್ನು ಕಂಪನಿಯ ಮೇಲಿನ ಅಭಿಮಾನ ನಿರ್ಧರಿಸಬಾರದು, ಕೊಳ್ಳುವ ದಿನದ ಬೆಲೆಯ ಅಂತರ ನಿರ್ಧರಿಸಬೇಕು. ಯಾಕೆ ಎಂಬುದನ್ನು ಹಂತಹಂತವಾಗಿ ನೋಡೋಣ.

ಮೊದಲ ಹಂತ ಮಾನಿಟರ್. ಸಾಮಾನ್ಯ 1080ಪಿ ಪರದೆಯಲ್ಲಿ ಸುಮಾರು 20.7 ಲಕ್ಷ ಪಿಕ್ಸೆಲ್‌ಗಳಿದ್ದರೆ 1440ಪಿಯಲ್ಲಿ 36.9 ಲಕ್ಷ, 4ಕೆಯಲ್ಲಿ 82.9 ಲಕ್ಷ. ಅಂದರೆ 1440ಪಿಯಿಂದ 4ಕೆಗೆ ಹೋದಾಗ ಕಾರ್ಡಿನ ಮೇಲಿನ ಹೊರೆ ಎರಡು ಪಟ್ಟನ್ನೂ ದಾಟುತ್ತದೆ. ಅಷ್ಟು ಹೊರೆಗೆ ಕಣ್ಣಿಗೆ ಸಿಗುವ ಲಾಭವೆಷ್ಟು ಎಂಬುದು ಪರದೆಯ ಅಳತೆಯನ್ನು ಅವಲಂಬಿಸಿದೆ. 27 ಇಂಚಿನ 1440ಪಿ ಮಾನಿಟರ್‌ನಲ್ಲಿ ಇಂಚಿಗೆ ಸುಮಾರು 109 ಪಿಕ್ಸೆಲ್, ಅದೇ ಅಳತೆಯ 4ಕೆಯಲ್ಲಿ 163. ಮೇಜಿನ ಮೇಲಿಟ್ಟು ಆಡುವವರಿಗೆ 27 ಇಂಚಿನಲ್ಲಿ ಈ ವ್ಯತ್ಯಾಸ ಆಟದ ಭರದಲ್ಲಿ ಬೇಗ ಮರೆತುಹೋಗುತ್ತದೆ. 32 ಇಂಚು ದಾಟಿದರೆ, ಅಥವಾ ಹಾಲ್‌ನಲ್ಲಿರುವ ದೊಡ್ಡ ಟಿವಿಗೆ ಜೋಡಿಸಿದರೆ, 4ಕೆಗೆ ಅರ್ಥ ಬರುತ್ತದೆ. ವ್ಯಾಲೊರಂಟ್, ಕೌಂಟರ್ ಸ್ಟ್ರೈಕ್ 2 ಥರದ ಸ್ಪರ್ಧಾತ್ಮಕ ಆಟಗಳನ್ನೇ ಆಡುವವರಿಗಂತೂ ರೆಸಲ್ಯೂಶನ್‌ಗಿಂತ ರಿಫ್ರೆಶ್ ರೇಟ್ ಮುಖ್ಯ. ಅವರು 4ಕೆ ಕನಸು ಬಿಟ್ಟು 1440ಪಿಯ 180 ಹರ್ಟ್ಸ್ ಮಾನಿಟರ್ ಕೊಂಡರೆ ಹಣವೂ ಉಳಿಯುತ್ತದೆ, ಆಟವೂ ಸುಧಾರಿಸುತ್ತದೆ. ಟಿವಿಗೆ ಜೋಡಿಸುವವರು ಇನ್ನೊಂದು ವಿಷಯ ನೋಡಿಕೊಳ್ಳಬೇಕು. 4ಕೆ ಎಂದು ಬರೆದಿರುವ ಅಗ್ಗದ ಟಿವಿಗಳಲ್ಲಿ ಹೆಚ್ಚಿನವು 60 ಹರ್ಟ್ಸ್‌ನವು. 4ಕೆಯಲ್ಲಿ 120 ಹರ್ಟ್ಸ್ ಬೇಕಿದ್ದರೆ ಟಿವಿಯ ಪ್ಯಾನೆಲ್ 120 ಹರ್ಟ್ಸ್‌ನದಾಗಿರಬೇಕು, ಜತೆಗೆ ಎಚ್‌ಡಿಎಂಐ 2.1 ಪೋರ್ಟ್ ಇರಬೇಕು. 60 ಹರ್ಟ್ಸ್ ಪರದೆಗೆ 120 ಫ್ರೇಮ್ ಕೊಡುವ ಕಾರ್ಡ್ ಕೊಂಡರೆ ಅರ್ಧ ಫ್ರೇಮುಗಳು ಕಣ್ಣಿಗೆ ಬೀಳುವುದೇ ಇಲ್ಲ.

ಎರಡನೆಯ ಹಂತ ಕಾರ್ಡಿನ ಸ್ವಂತ ಮೆಮೊರಿ, ಅಂದರೆ ವಿರ‍್ಯಾಮ್. ಜಾಹೀರಾತುಗಳು ಹೆಚ್ಚು ಮಾತಾಡದ, ಆದರೆ 4ಕೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಕಾಡುವ ಸಂಗತಿ ಇದು. 4ಕೆ ಚಿತ್ರ ದೊಡ್ಡದಾದ್ದರಿಂದ ಮೆಮೊರಿ ಹೆಚ್ಚು ಬೇಕು ಎಂಬ ವಿವರಣೆ ಅರ್ಧ ಮಾತ್ರ ಸರಿ. ಪಿಕ್ಸೆಲ್‌ಗೆ ನಾಲ್ಕು ಬೈಟ್ ಎಂದು ಹಿಡಿದರೂ ಒಂದು 4ಕೆ ಫ್ರೇಮ್ ಸುಮಾರು 33 ಎಂಬಿ ಅಷ್ಟೇ. ಮೆಮೊರಿ ತುಂಬಿಸುವುದು ಹತ್ತಿರದಿಂದ ನೋಡಿದರೂ ಮಸುಕಾಗದಂತೆ ತಯಾರಿಸಿದ ಟೆಕ್ಸ್ಚರ್‌ಗಳು, ಬೆಳಕಿನ ಕಿರಣಗಳ ದಾರಿಯನ್ನು ಲೆಕ್ಕಹಾಕುವ ರೇ ಟ್ರೇಸಿಂಗ್‌ಗಾಗಿ ಇಡೀ ದೃಶ್ಯದ ಆಕಾರಗಳನ್ನು ವಿಂಗಡಿಸಿಟ್ಟುಕೊಳ್ಳುವ ದತ್ತಾಂಶ, ಅದರ ಮೇಲೆ ಕೃತಕ ಫ್ರೇಮುಗಳನ್ನು ಸೇರಿಸುವ ಫ್ರೇಮ್ ಜನರೇಶನ್ ಕೇಳುವ ಹೆಚ್ಚುವರಿ ಜಾಗ. ಇವೆಲ್ಲ ಸೇರಿ ಜಾಗ ಮುಗಿದಾಗ ಕಾರ್ಡು ಪಿಸಿಐಇ ಸ್ಲಾಟ್ ಮೂಲಕ ಕಂಪ್ಯೂಟರಿನ ಸಾಮಾನ್ಯ ರ‍್ಯಾಮ್‌ನತ್ತ ಕೈ ಚಾಚಬೇಕಾಗುತ್ತದೆ. 5070 ಟಿಐ ತನ್ನ ಸ್ವಂತ ಮೆಮೊರಿಯಿಂದ ಸೆಕೆಂಡಿಗೆ 896 ಜಿಬಿ ಓದಬಲ್ಲದು. ಇತ್ತೀಚಿನ ಪಿಸಿಐಇ 5.0 ಸ್ಲಾಟ್‌ನ ಹದಿನಾರೂ ದಾರಿ ತೆರೆದಿದ್ದರೂ ಒಂದು ದಿಕ್ಕಿಗೆ ಸಿಗುವುದು ಸುಮಾರು 64 ಜಿಬಿ, 4.0 ಸ್ಲಾಟ್ ಆದರೆ ಅದರರ್ಧ. ಒಲೆಯ ಪಕ್ಕದ ಕಟ್ಟೆಯಲ್ಲಿ ಜಾಗವಿಲ್ಲವೆಂದು ಪ್ರತಿ ಒಗ್ಗರಣೆಗೂ ಅಟ್ಟ ಹತ್ತಿ ಸಾಸಿವೆ ತಂದ ಹಾಗೆ. ಹೀಗಾದಾಗ ಸರಾಸರಿ ಎಫ್‌ಪಿಎಸ್ ಸಂಖ್ಯೆ ಅಷ್ಟೇನೂ ಕುಸಿಯದೆ ಇರಬಹುದು, ಆದರೆ ಆಟ ನಡುನಡುವೆ ತಡವರಿಸುತ್ತದೆ. ಕೆಲವು ಆಟಗಳು ಇದನ್ನು ಮುಚ್ಚಿಡಲು ಟೆಕ್ಸ್ಚರ್‌ಗಳನ್ನು ಸದ್ದಿಲ್ಲದೆ ಮಸುಕಾಗಿಸುತ್ತವೆ. ಆದ್ದರಿಂದ ವಿಮರ್ಶೆಗಳನ್ನು ಓದುವಾಗ ಸರಾಸರಿಯ ಪಟ್ಟಿಗಿಂತ ‘1 ಪರ್ಸೆಂಟ್ ಲೋ’ ಎಂಬ ಅಂಕಣ ನೋಡಿ. ಅತಿ ನಿಧಾನವಾದ ಶೇ 1ರಷ್ಟು ಫ್ರೇಮುಗಳ ವೇಗ ಅದು, ತಡವರಿಕೆ ಅಲ್ಲಿ ಸಿಕ್ಕಿಬೀಳುತ್ತದೆ.

ಈ ಒಂದೇ ಕಾರಣಕ್ಕೆ 12 ಜಿಬಿಯ ಆರ್‌ಟಿಎಕ್ಸ್ 5070 ಅನ್ನು 4ಕೆ ಪಟ್ಟಿಯಿಂದ ಕೈಬಿಡಬೇಕು. 1440ಪಿಗೆ ಅದು ಒಳ್ಳೆಯ ಕಾರ್ಡು. ಆದರೆ ನಾಲ್ಕು ವರ್ಷ ಬಳಸುವ ಉದ್ದೇಶದಿಂದ 4ಕೆಗೆ ಕೊಳ್ಳುವವರಿಗೆ 16 ಜಿಬಿ ಕನಿಷ್ಠ. 8 ಜಿಬಿ ಮತ್ತು 16 ಜಿಬಿ ಎರಡೂ ರೂಪದಲ್ಲಿ ಸಿಗುವ 5060 ಟಿಐ, 9060 ಎಕ್ಸ್‌ಟಿ ಕೊಳ್ಳುವವರು ಪೆಟ್ಟಿಗೆಯ ಮೇಲಿನ ಅಂಕಿಯನ್ನು ಎರಡು ಸಲ ಓದಬೇಕು. ಹೆಸರು ಒಂದೇ, ಸಿಗುವ ಸರಕು ಬೇರೆ.

ಮೂರನೆಯ ಹಂತದಲ್ಲಿ ಅಪ್‌ಸ್ಕೇಲಿಂಗ್ ಬರುತ್ತದೆ. ಇಲ್ಲೇ ಹೆಚ್ಚು ಜಗಳ. ಎನ್‌ವಿಡಿಯಾದ ಡಿಎಲ್‌ಎಸ್‌ಎಸ್, ಎಎಂಡಿಯ ಎಫ್‌ಎಸ್‌ಆರ್ ಎರಡೂ ಆಟವನ್ನು ಕಡಿಮೆ ರೆಸಲ್ಯೂಶನ್‌ನಲ್ಲಿ ರಚಿಸಿ, ಹಿಂದಿನ ಫ್ರೇಮುಗಳ ಮಾಹಿತಿ ಬಳಸಿ 4ಕೆಗೆ ಹಿಗ್ಗಿಸುತ್ತವೆ. ಕ್ವಾಲಿಟಿ ಮೋಡ್‌ನಲ್ಲಿ ಒಳಗೆ ರಚನೆಯಾಗುವುದು 1440ಪಿ ಚಿತ್ರ, ಪರ್ಫಾರ್ಮೆನ್ಸ್ ಮೋಡ್‌ನಲ್ಲಿ 1080ಪಿ. ‘ಹಾಗಾದರೆ ಅದು ನಿಜವಾದ 4ಕೆ ಅಲ್ಲವಲ್ಲ, ನೇಟಿವ್ ಆಡಿಸಲಾಗದ ಕಾರ್ಡಿಗೆ ಯಾಕೆ ದುಡ್ಡು ಕೊಡಬೇಕು?’ ಎಂಬ ಆಕ್ಷೇಪ ಕೇಳಿಬರುತ್ತದೆ. ಎಫ್‌ಎಸ್‌ಆರ್‌ನ ಹಳೆಯ ಆವೃತ್ತಿಗಳ ಕಾಲಕ್ಕೆ ಈ ಮಾತಿನಲ್ಲಿ ಬಲವಿತ್ತು; ತಂತಿಬೇಲಿ, ಎಲೆಗಳ ಅಂಚು ಚಲಿಸುವಾಗ ಮಿನುಗುತ್ತಿದ್ದವು. 2025ರಲ್ಲಿ ಎರಡೂ ಕಡೆ ಪರಿಸ್ಥಿತಿ ಬದಲಾಯಿತು. ಡಿಎಲ್‌ಎಸ್‌ಎಸ್ 4 ಟ್ರಾನ್ಸ್‌ಫಾರ್ಮರ್ ಮಾದರಿಗೆ ಹೊರಳಿತು, ಎಫ್‌ಎಸ್‌ಆರ್ 4 ಮೊದಲ ಬಾರಿಗೆ ಯಂತ್ರಕಲಿಕೆಯನ್ನು ಆಧರಿಸಿತು. 4ಕೆ ಪರದೆಯಲ್ಲಿ ಕ್ವಾಲಿಟಿ ಮೋಡ್ ಮತ್ತು ನೇಟಿವ್ ನಡುವಿನ ವ್ಯತ್ಯಾಸ ಹುಡುಕಲು ಚಿತ್ರ ನಿಲ್ಲಿಸಿ ದೊಡ್ಡದು ಮಾಡಿ ನೋಡಬೇಕಾದ ಹಂತಕ್ಕೆ ಬಂದಿದೆ. ಆಟಗಳನ್ನು ತಯಾರಿಸುವವರೂ ಅಪ್‌ಸ್ಕೇಲಿಂಗ್ ಇರುತ್ತದೆಂಬ ಲೆಕ್ಕದಲ್ಲೇ ಆಟ ಕಟ್ಟುತ್ತಿದ್ದಾರೆ. ಇದನ್ನು ಇಷ್ಟಪಡಬೇಕಾಗಿಲ್ಲ, ಆದರೆ ಕಾರ್ಡ್ ಆರಿಸುವಾಗ ಕಡೆಗಣಿಸಲೂ ಆಗದು. ಇಷ್ಟೇ ಭೇದ: ಡಿಎಲ್‌ಎಸ್‌ಎಸ್‌ಗೆ ಬೆಂಬಲವಿರುವ ಆಟಗಳು ಹೆಚ್ಚು, ಎಫ್‌ಎಸ್‌ಆರ್ 4ರ ಪಟ್ಟಿ ಚಿಕ್ಕದು. ಇನ್ನೊಂದು ಉಪಯುಕ್ತ ಮಾಹಿತಿ ಹಳೆಯ ಆರ್‌ಟಿಎಕ್ಸ್ ಕಾರ್ಡ್ ಇರುವವರಿಗೆ: ಹೊಸ ಡಿಎಲ್‌ಎಸ್‌ಎಸ್ ಅಪ್‌ಸ್ಕೇಲಿಂಗ್ 2018ರ 20 ಸರಣಿಯಲ್ಲೂ ಕೆಲಸ ಮಾಡುತ್ತದೆ. ಮೊದಲು ಅದನ್ನು ಪ್ರಯೋಗಿಸಿ ನೋಡಿ, ಆಮೇಲೆ ಹೊಸದು ಬೇಕೋ ಬೇಡವೋ ನಿರ್ಧರಿಸಿ.

ಫ್ರೇಮ್ ಜನರೇಶನ್ ಮಾತ್ರ ಬೇರೆ ವಿಷಯ, ಅದನ್ನು ಅಪ್‌ಸ್ಕೇಲಿಂಗ್ ಜತೆ ಕಲಸಬಾರದು. 2025ರ ಜನವರಿಯಲ್ಲಿ ಎನ್‌ವಿಡಿಯಾ ಮುಖ್ಯಸ್ಥ ಜೆನ್ಸನ್ ಹುವಾಂಗ್ 549 ಡಾಲರ್‌ನ 5070 ಹಿಂದಿನ ತಲೆಮಾರಿನ 4090ಗೆ ಸಮ ಎಂದು ವೇದಿಕೆಯಲ್ಲಿ ಸಾರಿದರು. 4090ರ ಬೆಲೆ 1,599 ಡಾಲರ್ ಇತ್ತು. ಆ ಸಮೀಕರಣ ನಿಂತಿದ್ದು ಒಂದು ನಿಜವಾದ ಫ್ರೇಮಿಗೆ ಮೂರು ಕೃತಕ ಫ್ರೇಮ್ ಸೇರಿಸುವ ತಂತ್ರದ ಮೇಲೆ. ಎರಡು ಫ್ರೇಮುಗಳ ನಡುವೆ ಚಿತ್ರ ತುರುಕಬೇಕಾದರೆ ಮುಂದಿನ ಫ್ರೇಮ್ ಸಿದ್ಧವಾಗುವವರೆಗೆ ಕಾಯಲೇಬೇಕು. ಹಾಗಾಗಿ ಪರದೆಯ ಮೂಲೆಯಲ್ಲಿ 120 ಎಂದು ಕಂಡರೂ ಮೌಸ್ ಅಲುಗಿಸಿದಾಗ ಕೈಗೆ ಸಿಗುವುದು 30 ಎಫ್‌ಪಿಎಸ್‌ನ ಮಂದ ಅನುಭವವೇ. ಮೂಲ ವೇಗ 60ರ ಸುಮಾರಿಗಿದ್ದಾಗ ಈ ತಂತ್ರ 120 ಅಥವಾ 240 ಹರ್ಟ್ಸ್ ಪರದೆಗೆ ಚಲನೆಯನ್ನು ನಯಗೊಳಿಸುತ್ತದೆ, ಅದು ಒಪ್ಪತಕ್ಕ ಮಾತು. ಕುಂಟುವ ಆಟವನ್ನು ಓಡಿಸಲು ಅದರಿಂದಾಗದು. ಕಂಪನಿಗಳ ಬಾರ್ ಚಾರ್ಟ್‌ಗಳಲ್ಲಿ ಫ್ರೇಮ್ ಜನರೇಶನ್ ಸೇರಿದ್ದರೆ ಆ ಚಾರ್ಟ್ ಪಕ್ಕಕ್ಕಿಡಿ.

ಈಗ ಎರಡು ಕಾರ್ಡುಗಳನ್ನು ಎದುರುಬದುರು ಇಡಬಹುದು. ಎರಡರಲ್ಲೂ 16 ಜಿಬಿ, ಎರಡರದೂ 256 ಬಿಟ್ ಬಸ್, ವಿದ್ಯುತ್ ಬಳಕೆ 300 ಮತ್ತು 304 ವ್ಯಾಟ್. 5070 ಟಿಐಯಲ್ಲಿ ಹೊಸ ಜಿಡಿಡಿಆರ್7 ಮೆಮೊರಿ, 9070 ಎಕ್ಸ್‌ಟಿಯಲ್ಲಿ ಹಳೆಯ ಜಿಡಿಡಿಆರ್6. ರೇ ಟ್ರೇಸಿಂಗ್ ಇಲ್ಲದ ಆಟಗಳಲ್ಲಿ ಇವೆರಡರ ಅಂತರ ಆಟದಿಂದ ಆಟಕ್ಕೆ ಹಿಂದೆ ಮುಂದಾಗುವಷ್ಟು ಸಣ್ಣದು. ಹಗುರ ರೇ ಟ್ರೇಸಿಂಗ್‌ನಲ್ಲಿ ಎನ್‌ವಿಡಿಯಾ ಮುಂದೆ. ಸೈಬರ್‌ಪಂಕ್ 2077, ಅಲನ್ ವೇಕ್ 2ರ ಪಾತ್ ಟ್ರೇಸಿಂಗ್‌ನಲ್ಲಿ, ಅಂದರೆ ರೇ ಟ್ರೇಸಿಂಗ್‌ನ ಅತಿ ಭಾರದ ರೂಪದಲ್ಲಿ, ಬಹಳ ಮುಂದೆ. ‘ನಾನು ರೇ ಟ್ರೇಸಿಂಗ್ ಆಫ್ ಮಾಡಿಯೇ ಆಡುತ್ತೇನೆ’ ಎನ್ನುವವರೂ ಗಮನಿಸಬೇಕಾದ ಬದಲಾವಣೆಯೊಂದಿದೆ: 2024ರ ಕೊನೆಗೆ ಬಂದ ಇಂಡಿಯಾನಾ ಜೋನ್ಸ್ ಅಂಡ್ ದ ಗ್ರೇಟ್ ಸರ್ಕಲ್, 2025ರ ಡೂಮ್: ದ ಡಾರ್ಕ್ ಏಜಸ್ ಎರಡಕ್ಕೂ ರೇ ಟ್ರೇಸಿಂಗ್ ಹಾರ್ಡ್‌ವೇರ್ ಕಡ್ಡಾಯ, ಆಫ್ ಮಾಡುವ ಗುಂಡಿಯೇ ಇಲ್ಲ. ಆದರೆ 9070 ಎಕ್ಸ್‌ಟಿ ಈ ಮಟ್ಟದ ರೇ ಟ್ರೇಸಿಂಗ್ ಅನ್ನು ಚೆನ್ನಾಗಿಯೇ ನಿಭಾಯಿಸುತ್ತದೆ. ಹಾಗಾದರೆ ಹೆಚ್ಚುವರಿ ಹಣಕ್ಕೆ ಸಿಗುವುದು ಪಾತ್ ಟ್ರೇಸಿಂಗ್ ಮತ್ತು ಡಿಎಲ್‌ಎಸ್‌ಎಸ್‌ನ ಉದ್ದದ ಪಟ್ಟಿ. ಕಂಪನಿಗಳು ಘೋಷಿಸಿದ ಬೆಲೆ 749 ಮತ್ತು 599 ಡಾಲರ್, ಅಂದರೆ ಶೇ 25ರ ಅಂತರ. ಅಷ್ಟು ಕೊಡುವುದು ದುಬಾರಿಯಾಯಿತು. ನನ್ನ ತೀರ್ಮಾನ ಹೀಗೆ: ಅಂಗಡಿಯಲ್ಲಿ ಅಂತರ ಶೇ 10–12ರ ಒಳಗಿದ್ದರೆ 5070 ಟಿಐ, ಶೇ 20 ದಾಟಿದರೆ ಕಣ್ಣುಮುಚ್ಚಿ 9070 ಎಕ್ಸ್‌ಟಿ. ನಡುವೆ ಬಿದ್ದರೆ ನಿಮ್ಮ ಆಟಗಳ ಪಟ್ಟಿ ತೆಗೆದು ಪಾತ್ ಟ್ರೇಸಿಂಗ್ ಇರುವವು ಎಷ್ಟಿವೆ ಎಂದು ಎಣಿಸಿ. ಉದಾಹರಣೆಗೆ, ಎಎಂಡಿ ಕಾರ್ಡು 70 ಸಾವಿರಕ್ಕೆ ಸಿಗುವ ದಿನ 78 ಸಾವಿರದ 5070 ಟಿಐ ಒಪ್ಪಿಗೆ, 85 ಸಾವಿರದ್ದು ಬೇಡ. ಬ್ಲೆಂಡರ್‌ನಲ್ಲಿ ಕೆಲಸ ಮಾಡುವವರು, ಮನೆಯಲ್ಲೇ ಎಐ ಮಾದರಿಗಳನ್ನು ಓಡಿಸುವವರು ಈ ಸೂತ್ರದ ಹೊರಗೆ. ಆ ಲೋಕ ಎನ್‌ವಿಡಿಯಾದ ಕುಡಾ ತಂತ್ರಾಂಶಕ್ಕೆ ಒಗ್ಗಿಹೋಗಿದೆ, ಅವರಿಗೆ ಬೆಲೆಯ ಅಂತರ ಸಂಪಾದನೆಯ ಬಂಡವಾಳ.

‘ಎಎಂಡಿ ಡ್ರೈವರ್ ಸರಿಯಿಲ್ಲ’ ಎಂಬ ಮಾತು ಈಗಲೂ ಓಡಾಡುತ್ತದೆ. 2019ರಲ್ಲಿ ಬಂದ 5700 ಎಕ್ಸ್‌ಟಿಯ ಆರಂಭದ ತಿಂಗಳುಗಳಲ್ಲಿ ಕಪ್ಪು ಪರದೆಯ ದೂರುಗಳು ಹೇರಳವಾಗಿದ್ದವು, ನಿಜ. ಆದರೆ 2025ರ ಮೊದಲಾರ್ಧದಲ್ಲಿ ಕಪ್ಪು ಪರದೆ, ಹಠಾತ್ ಸ್ಥಗಿತಗಳಿಗೆ ಒಂದರ ಮೇಲೊಂದು ತುರ್ತು ದುರಸ್ತಿ ಬಿಡುಗಡೆ ಮಾಡಬೇಕಾಗಿ ಬಂದದ್ದು ಎನ್‌ವಿಡಿಯಾಕ್ಕೆ. ಹೀಗಾಗಿ ಡ್ರೈವರ್ ಕಾರಣಕ್ಕೆ ಯಾರನ್ನೂ ಹೊರಗಿಡುವ ಅಗತ್ಯವಿಲ್ಲ. ‘ಆರ್‌ಟಿಎಕ್ಸ್ 5090 ಕೊಂಡರೆ ತಲೆಬಿಸಿಯೇ ಇರುವುದಿಲ್ಲ’ ಎನ್ನುವವರಿಗೆ ಉತ್ತರ ಸರಳ: 32 ಜಿಬಿ ಮೆಮೊರಿಯ ಆ ಕಾರ್ಡು ವೇಗದಲ್ಲಿ ಎಲ್ಲರಿಗಿಂತ ಮುಂದಿದೆ, ಆದರೆ ಅದೊಂದೇ 575 ವ್ಯಾಟ್ ಎಳೆಯುತ್ತದೆ, ಅದರ ಘೋಷಿತ ಬೆಲೆಯೇ 1,999 ಡಾಲರ್. ಆ ಹಣದಲ್ಲಿ ಒಂದು ಒಳ್ಳೆಯ ಕಾರ್ಡು, ಒಳ್ಳೆಯ 4ಕೆ ಮಾನಿಟರ್ ಎರಡೂ ಬಂದು ಇನ್ನೂ ಉಳಿಯುತ್ತದೆ.

ಕೊನೆಯ ಹಂತ ವಿದ್ಯುತ್ತು. ಎರಡೂ ಕಾರ್ಡುಗಳಿಗೆ ಕಂಪನಿಗಳು ಸೂಚಿಸುವುದು 750 ವ್ಯಾಟ್‌ನ ಪವರ್ ಸಪ್ಲೈ. ಹೆಸರಿಲ್ಲದ ಅಗ್ಗದ ಘಟಕದ ಮೇಲಿನ 750 ಅಂಕಿಯನ್ನು ನಂಬಬೇಡಿ. 5070 ಟಿಐಗೆ ಹದಿನಾರು ಪಿನ್‌ನ ಹೊಸ ಕನೆಕ್ಟರ್ ಬೇಕು. 2022ರಲ್ಲಿ 4090 ಕಾರ್ಡುಗಳಲ್ಲಿ ಕರಗಿ ಸುದ್ದಿಯಾದ ಕನೆಕ್ಟರ್‌ನ ಸುಧಾರಿತ ರೂಪ ಇದು. 300 ವ್ಯಾಟ್‌ಗೆ ಆ ಮಟ್ಟದ ಅಪಾಯವಿಲ್ಲದಿದ್ದರೂ ಪ್ಲಗ್ ಪೂರ್ತಿ ಒಳಗೆ ಹೋಗಿದೆಯೇ ಎಂದು ನೋಡಿಕೊಳ್ಳಬೇಕು, ಅದರ ಬುಡದಲ್ಲೇ ಕೇಬಲ್ ಬಗ್ಗಿಸಬಾರದು. ನಮ್ಮಲ್ಲಿ ಕರೆಂಟ್ ಹೋಗುವುದು ಮಾಮೂಲಾದ್ದರಿಂದ ಯುಪಿಎಸ್ ಲೆಕ್ಕವನ್ನೂ ಹಾಕಿ. ಮನೆಗಳಲ್ಲಿ ಸಾಮಾನ್ಯವಾಗಿರುವ 600 ವಿಎ ಯುಪಿಎಸ್ ಕೊಡುವುದು ಸುಮಾರು 360 ವ್ಯಾಟ್. ಆಟ ನಡೆಯುವಾಗ ಇಂಥ ಕಂಪ್ಯೂಟರ್ ಮಾನಿಟರ್ ಸೇರಿ 450 ವ್ಯಾಟ್ ದಾಟುತ್ತದೆ, ಕರೆಂಟ್ ಹೋದ ಕ್ಷಣವೇ ಯುಪಿಎಸ್ ಕೂಡ ಕೈಕೊಡುತ್ತದೆ. 1100 ವಿಎ ಆದರೂ ಇರಲಿ. ದಿನಕ್ಕೆ ಮೂರು ಗಂಟೆ ಆಡಿದರೆ ತಿಂಗಳಿಗೆ 40 ಯೂನಿಟ್ ಹೆಚ್ಚಾಗುತ್ತದೆ. ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆಯ 200 ಯೂನಿಟ್ ಮಿತಿಯ ಅಂಚಿನಲ್ಲಿರುವ ಮನೆಗಳಲ್ಲಿ ಇದು ಪೂರ್ತಿ ಬಿಲ್ ಕಟ್ಟುವ ಸ್ಥಿತಿ ತರಬಹುದು. ಡ್ರೈವರ್ ಸೆಟ್ಟಿಂಗ್‌ನಲ್ಲಿ ಫ್ರೇಮ್ ರೇಟನ್ನು ಮಾನಿಟರ್‌ನ ರಿಫ್ರೆಶ್ ರೇಟ್‌ಗೆ ಮಿತಿಗೊಳಿಸಿದರೆ ಹಗುರ ಆಟಗಳಲ್ಲಿ ವಿದ್ಯುತ್ತೂ ಶಾಖವೂ ಕಡಿಮೆಯಾಗುತ್ತವೆ.

ಬೆಂಗಳೂರಿನವರು ಆನ್‌ಲೈನ್ ಬೆಲೆ ಕೈಯಲ್ಲಿಟ್ಟುಕೊಂಡು ಎಸ್.ಪಿ. ರಸ್ತೆಯ ಎರಡು ಮೂರು ಅಂಗಡಿಗಳಲ್ಲಿ ವಿಚಾರಿಸಲಿ. ಜಿಎಸ್‌ಟಿ ಬಿಲ್ ಬೇಡವೆಂದರೆ ಕಡಿಮೆ ಮಾಡುತ್ತೇವೆ ಎಂಬ ಮಾತಿಗೆ ಮರುಳಾಗಬೇಡಿ. ವಾರಂಟಿ ಕೇಳಲು ಹೋದಾಗ ಸೀರಿಯಲ್ ನಂಬರ್ ಬರೆದಿರುವ ಆ ಬಿಲ್ಲೇ ಆಧಾರ. ಅಮೆರಿಕದಲ್ಲಿರುವ ನೆಂಟರ ಕೈಯಲ್ಲಿ ತರಿಸುವವರು ಆ ಬ್ರ್ಯಾಂಡಿನ ವಾರಂಟಿ ಭಾರತದಲ್ಲಿ ನಡೆಯುತ್ತದೆಯೇ ಎಂದು ಮೊದಲೇ ಕೇಳಿ ತಿಳಿದುಕೊಳ್ಳಲಿ, ಹಲವು ಬ್ರ್ಯಾಂಡುಗಳದ್ದು ಕೊಂಡ ದೇಶಕ್ಕಷ್ಟೇ ಸೀಮಿತ. ಒಂದೇ ಚಿಪ್‌ನ ಮೂರು ಫ್ಯಾನಿನ, ಬಣ್ಣದ ದೀಪಗಳ ಮಾದರಿಗೆ ಎಂಟು ಹತ್ತು ಸಾವಿರ ಹೆಚ್ಚು ಕೇಳುತ್ತಾರೆ. ಅದರಿಂದ ಸಿಗುವ ವೇಗ ಶೇ 2–3ನ್ನು ಮೀರುವುದು ಅಪರೂಪ. ಹೊರಡುವ ಮುನ್ನ ಕ್ಯಾಬಿನೆಟ್‌ನೊಳಗೆ ಟೇಪ್ ಹಿಡಿದು ಅಳೆದುಕೊಳ್ಳಿ, ಈ ಕಾರ್ಡುಗಳಲ್ಲಿ ಬಹಳಷ್ಟು 30 ಸೆಂಟಿಮೀಟರ್‌ಗಿಂತ ಉದ್ದ.